ಮಗ ಬೇಸ್‌ಬಾಲ್ ಆಡ್ತಾನಾ? ಟ್ರೇನಿಂಗ್ ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ಇದನ್ನ ಓದಿ

ಅಮೆರಿಕದಲ್ಲಿ ಪ್ರತಿ ವರ್ಷ ಶಾಲೆಯ ಟೀಮ್ ಆಯ್ಕೆ ಮುಗಿದ ಕೂಡಲೇ ನಮ್ಮ ಕಡೆಯವರ ಫೋನ್ ಶುರುವಾಗುತ್ತದೆ. ಒಬ್ಬರು ಹಾವೇರಿಯವರು, ಒಬ್ಬರು ಹುಬ್ಬಳ್ಳಿ ನವನಗರದವರು, ಇನ್ನೊಬ್ಬರು ಬೆಟಗೇರಿಯವರು. ಪ್ರಶ್ನೆ ಮಾತ್ರ ಒಂದೇ. "ಅಣ್ಣಾರ, ಹುಡುಗ ಭಾಳ ಸಣ್ಣ ಅದಾನ, ಗಟ್ಟಿ ಆಗ್ಬೇಕು ಅಂತ ಕೋಚ್ ಹೇಳ್ಯಾರ. ಎಲ್ಲಿ ಸೇರಸೂಣ್ರಿ?" ಅಷ್ಟರಲ್ಲಿ ಅರ್ಧ ಜನ ಎಲ್ಲೋ ಸೇರಿಸಿ, ಸಹಿ ಹಾಕಿ, ಮೊದಲ ಕಂತನ್ನೂ ಕಟ್ಟಿರುತ್ತಾರೆ. ನಾವೂ ಹಾಗೇ ಮಾಡಿದ್ದೆವು. ಬೇರೆಯವರ ದುಡ್ಡೂ ಹುಡುಗನ ಕೈಯೂ ಉಳಿಯಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಭಾರ ಎತ್ತಿದರೆ ಹುಡುಗ ಗಿಡ್ಡ ಉಳಿಯುತ್ತಾನೆ ಅಂತ ಊರಿಂದ ಅಜ್ಜಿ ಹೇಳುತ್ತಾರಲ್ಲ, ಅದನ್ನು ಬಿಟ್ಟುಬಿಡಿ. ಇಲ್ಲಿನ ಮಕ್ಕಳ ಡಾಕ್ಟರುಗಳ ಸಂಘ, ಅಂದರೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ತಿಳಿದವರು ಪಕ್ಕದಲ್ಲಿ ನಿಂತು ಸರಿಯಾಗಿ ಕಲಿಸಿದರೆ ಮಕ್ಕಳಿಗೆ ಭಾರದ ವ್ಯಾಯಾಮ ಸುರಕ್ಷಿತ, ಬೆಳವಣಿಗೆ ನಿಲ್ಲುವುದಿಲ್ಲ. ವಾರಕ್ಕೆ ಎರಡು ಅಥವಾ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡಬೇಕು. ಮೊದಲು ಹಗುರ ಭಾರ, ಎಂಟರಿಂದ ಹದಿನೈದು ಸಲ. ಕ್ರಮ ಕೂತ ಮೇಲೆ ಮಾತ್ರ ತೂಕ ಏರಿಸಬೇಕು. ಚೆಂಡು ಎಸೆಯುವ ಬಲ ಬಹುಪಾಲು ಕಾಲು, ಸೊಂಟ, ಬೆನ್ನಿನಿಂದ ಬರುತ್ತದೆ. ಹಾಗಾಗಿ ಸ್ಕ್ವಾಟ್, ಡೆಡ್‌ಲಿಫ್ಟ್, ಲಂಜ್, ರೋಯಿಂಗ್ ಇವೇ ಮುಖ್ಯ. ಕನ್ನಡಿ ಮುಂದೆ ನಿಂತು ಬರೀ ತೋಳು ದಪ್ಪ ಮಾಡಿಕೊಂಡರೆ ಪಿಚರ್‌ಗೆ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನಿಗೆ, ಉಪಯೋಗ ಕಡಿಮೆ. ನಮ್ಮ ಗರಡಿಯ ದಂಡ, ಬೈಠಕ್ ಗೊತ್ತಿರುವ ಹುಡುಗ ಇಲ್ಲಿನ ವೇಟ್ ರೂಮಿಗೆ ಅರ್ಧ ತಯಾರಾಗಿಯೇ ಬಂದಿರುತ್ತಾನೆ ಅಂತ ನನ್ನ ಅಭಿಪ್ರಾಯ.

ಎಷ್ಟೋ ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಇದೆಲ್ಲ ಬಹಳಷ್ಟು ಹೈಸ್ಕೂಲುಗಳಲ್ಲಿ ಪುಕ್ಕಟೆ ಸಿಗುತ್ತದೆ. ಶಾಲೆಯಲ್ಲೇ ವೇಟ್ ರೂಮ್ ಇರುತ್ತದೆ, ಸೀಸನ್ ಇಲ್ಲದಾಗಲೂ ವಾರದಲ್ಲಿ ಕೆಲವು ದಿನ ತೆರೆದಿರುತ್ತದೆ. ಟೀಮಿಗೆ ಸೇರಲು ಡಾಕ್ಟರ್ ಸಹಿ ಮಾಡಿದ ಫಿಸಿಕಲ್ ಫಾರ್ಮ್, ಅಂದರೆ ಆರೋಗ್ಯ ತಪಾಸಣೆಯ ಪತ್ರ ಬೇಕು. ಕೋಚ್‌ಗೆ ಸಿಎಸ್‌ಸಿಎಸ್ ಅನ್ನುವ, ಆಟಗಾರರಿಗೆ ಭಾರದ ವ್ಯಾಯಾಮ ಕಲಿಸುವವರ ಸರ್ಟಿಫಿಕೇಟ್ ಇದೆಯಾ ಅಂತ ಕೇಳಿ, ಸಂಕೋಚ ಬೇಡ. ಅಥ್ಲೆಟಿಕ್ ಟ್ರೇನರ್ ಅಂತ ಒಬ್ಬರು ಇದ್ದರೆ ಅವರು ವ್ಯಾಯಾಮ ಮಾಡಿಸುವವರಲ್ಲ, ಗಾಯ ನೋಡಲು ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ. ನೋವು ಅಂದರೆ ಮೊದಲು ಅವರ ಹತ್ತಿರ ಕಳಿಸಿ. ಫೀಸ್ ಇಲ್ಲ.

ಈಗ ಅಪ್ಪ-ಅಮ್ಮಂದಿರು ಹೋಗಿ ಬೀಳುವ ಗುಂಡಿಯ ವಿಷಯ. ಊರ ಹೊರಗಿನ ದೊಡ್ಡ ಶೆಡ್ಡುಗಳಲ್ಲಿ ಖಾಸಗಿ ಬೇಸ್‌ಬಾಲ್ ಅಕಾಡೆಮಿಗಳಿರುತ್ತವೆ. ಒಳಗೆ ನೆಟ್, ವೇಗ ಅಳೆಯುವ ರಾಡಾರ್ ಗನ್, ಗೋಡೆ ತುಂಬ ಹುಡುಗರ ಫೋಟೋ. ಅಲ್ಲಿ ವೆಲಾಸಿಟಿ ಪ್ರೋಗ್ರಾಮ್ ಅಂತ ಮಾರುತ್ತಾರೆ. ಎಸೆತದ ವೇಗ ಇಷ್ಟು ತಿಂಗಳಲ್ಲಿ ಇಷ್ಟು ಮೈಲಿ ಹೆಚ್ಚುತ್ತದೆ ಅಂತಾರೆ. ಮೊದಲ ಸೆಷನ್ ಫ್ರೀ. ಹುಡುಗನ ಮುಖ ಅರಳಿರುತ್ತದೆ, ಅದೇ ಹೊತ್ತಿಗೆ ಟ್ಯಾಬ್ಲೆಟ್ ಮುಂದೆ ಹಿಡಿದು ಸಹಿ ಕೇಳುತ್ತಾರೆ. ಓದದೆ ಸಹಿ ಹಾಕಬೇಡಿ, ದಯವಿಟ್ಟು. ಎಷ್ಟೋ ಕಡೆ ಅದು ತಿಂಗಳ ಫೀಸಿನಂತೆ ಕಾಣುವ ಒಂದು ವರ್ಷದ ಒಪ್ಪಂದ. ವರ್ಷ ಮುಗಿದ ಮೇಲೆ ತಾನೇ ಮುಂದುವರಿಯುವ ಷರತ್ತೂ ಇರಬಹುದು. ಹುಡುಗನಿಗೆ ಗಾಯವಾದರೆ ಅದು ನಿಮ್ಮ ಜವಾಬ್ದಾರಿ ಅನ್ನುವ ಹಾಳೆಗೂ ಅದೇ ಹೊತ್ತಲ್ಲಿ ಸಹಿ ಬಿದ್ದಿರುತ್ತದೆ.

ಹಾವೇರಿ ಕಡೆಯ ಒಂದು ಮನೆಯವರ ಕಥೆ ಹೇಳುತ್ತೇನೆ. ಹುಡುಗನಿಗೆ 14. ಶಾಲೆಯ ಟೀಮಲ್ಲಿ ಪಿಚರ್, ಶನಿವಾರ-ಭಾನುವಾರ ಊರೂರಿಗೆ ಹೋಗಿ ಆಡುವ ಟ್ರಾವೆಲ್ ಟೀಮ್, ಮೇಲೆ ವಾರಕ್ಕೆರಡು ಸಂಜೆ ಅಕಾಡೆಮಿ. ಒಂದು ದಿನ ಮೊಣಕೈ ಒಳಬದಿ ನೋವು ಅಂದ. ಮನೆಯಲ್ಲಿ ಮುಲಾಮು ಹಚ್ಚಿ ಮತ್ತೆ ಕಳಿಸಿದರು. ಕೊನೆಗೆ ಡಾಕ್ಟರ್ ಎಕ್ಸ್‌ರೇ ನೋಡಿ, ಎಲುಬು ಬೆಳೆಯುವ ಜಾಗಕ್ಕೇ ಪೆಟ್ಟಾಗಿದೆ, ಮೂರು ತಿಂಗಳು ಚೆಂಡು ಮುಟ್ಟಬಾರದು ಅಂದರು. ಲಿಟಲ್ ಲೀಗ್ ಎಲ್ಬೋ ಅಂತಾರೆ ಇದಕ್ಕೆ. ಈ ವಯಸ್ಸಲ್ಲಿ ಆ ಜಾಗ ಇನ್ನೂ ಪೂರ್ತಿ ಎಲುಬಾಗಿರುವುದಿಲ್ಲ. ಹುಡುಗ ಮನೆಯಲ್ಲಿ ಕೂತಿದ್ದ, ಅಕಾಡೆಮಿಯ ಕಂತು ಮಾತ್ರ ಪ್ರತಿ ತಿಂಗಳು ಬ್ಯಾಂಕಿನಿಂದ ಕಡಿತವಾಗುತ್ತಲೇ ಇತ್ತು. ಆ ತಾಯಿ ಫೋನಲ್ಲಿ ಅತ್ತರು. ದುಡ್ಡಿಗಲ್ಲ, ನಾವೇ ಕರೆದುಕೊಂಡು ಹೋಗಿ ಬಿಟ್ವಲ್ಲ ಅಂತ.

ಇದು ಒಬ್ಬ ಕೋಚ್‌ನ ತಪ್ಪಲ್ಲ, ವ್ಯವಸ್ಥೆಯ ತಪ್ಪು. ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ ಸಂಸ್ಥೆ 2007ರಿಂದ ಪಿಚರ್‌ನ ಎಸೆತ ಎಣಿಸುತ್ತದೆ. 13ರಿಂದ 16 ವಯಸ್ಸಿನವರಿಗೆ ದಿನಕ್ಕೆ 95ರ ಮಿತಿ, 14 ಮತ್ತು ಅದಕ್ಕಿಂತ ಚಿಕ್ಕವರು 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. ಹೈಸ್ಕೂಲಿಗೂ 2017ರಿಂದ ಪ್ರತಿ ರಾಜ್ಯದ ಸಂಘ ಮಿತಿ ಇಡಬೇಕು ಅಂತಾಯಿತು. ಆದರೆ ಇದೆಲ್ಲ ಪಂದ್ಯದ ಎಸೆತದ ಲೆಕ್ಕ. ವಾರ್ಮ್‌ಅಪ್, ಬುಲ್‌ಪೆನ್ (ಪಂದ್ಯದ ಹೊರಗೆ ಪಿಚರ್ ಎಸೆದು ಅಭ್ಯಾಸ ಮಾಡುವ ಜಾಗ), ಅಕಾಡೆಮಿಯಲ್ಲಿ ಎಸೆದದ್ದು ಯಾರ ಪುಸ್ತಕಕ್ಕೂ ಹೋಗುವುದಿಲ್ಲ. ಶಾಲೆಯ ಕೋಚ್‌ಗೆ ಟ್ರಾವೆಲ್ ಟೀಮಿನ ಲೆಕ್ಕ ಗೊತ್ತಿಲ್ಲ, ಟ್ರಾವೆಲ್ ಟೀಮಿಗೆ ಅಕಾಡೆಮಿಯದು ಗೊತ್ತಿಲ್ಲ, ಎಲ್ಲ ಸೇರೋದು ಆ ಒಂದೇ ಮೊಣಕೈಯಲ್ಲಿ. ನಮ್ಮ ಗರಡಿಯ ಉಸ್ತಾದ ಹುಡುಗನ ಊಟ, ನಿದ್ದೆ, ಸಾಮು ಎಲ್ಲವನ್ನೂ ಒಬ್ಬನೇ ನೋಡುತ್ತಿದ್ದ. ಆ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಇಲ್ಲಿ ಸೌಲಭ್ಯ ಜಾಸ್ತಿ, ಡಾಕ್ಟರ್ ಪರೀಕ್ಷೆ, ನಿಯಮ ಎಲ್ಲ ಇದೆ, ಅದು ನಮ್ಮಲ್ಲಿ ಇರಲಿಲ್ಲ. ಆದರೆ ಇಡೀ ಹುಡುಗನನ್ನು ನೋಡುವವರು ಯಾರೂ ಇಲ್ಲ. ಹಾಗಾಗಿ ಆ ಕೆಲಸ ಅಪ್ಪ-ಅಮ್ಮನದು. ಒಂದು ನೋಟ್‌ಬುಕ್ ಇಟ್ಟು ದಿನದಿನದ ಎಸೆತ ಬರೆಯಿರಿ, ಮೂವರೂ ಕೋಚ್‌ಗಳಿಗೆ ತೋರಿಸಿ.

ಕಾರಣ ಇದೆ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಎಎಸ್‌ಎಂಐ ಅನ್ನುವ ಕ್ರೀಡಾ ವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಮೊಣಕೈ ಅಥವಾ ಭುಜದ ಆಪರೇಷನ್ ಆದ ಹುಡುಗ ಪಿಚರ್‌ಗಳನ್ನೂ ಆಗದವರನ್ನೂ ಹೋಲಿಸಿ ನೋಡಿದರು. ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಪಿಚ್ ಮಾಡುವವರಿಗೆ ಅಪಾಯ ಐದು ಪಟ್ಟು. ಕೈ ದಣಿದಿದ್ದರೂ ಮತ್ತೆ ಮತ್ತೆ ಎಸೆಯುವವರಿಗೆ 36 ಪಟ್ಟು. ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್‌ನವರ ಪಿಚ್ ಸ್ಮಾರ್ಟ್ ಮಾರ್ಗಸೂಚಿಯೂ ವರ್ಷದಲ್ಲಿ ನಾಲ್ಕು ತಿಂಗಳು ಎಸೆತ ನಿಲ್ಲಿಸಿ, ಅದರಲ್ಲಿ ಎರಡು-ಮೂರು ತಿಂಗಳು ಸತತವಾಗಿರಲಿ ಅನ್ನುತ್ತದೆ. ಹನ್ನೆರಡು ತಿಂಗಳ ಎಸೆತದ ಒಪ್ಪಂದ ಇದಕ್ಕೆ ಪೂರ್ತಿ ವಿರುದ್ಧ, ಅಲ್ವಾ?

ತೂಕದ ಚೆಂಡಿನ ಬಗ್ಗೆ ಎಚ್ಚರ. ಮಾಮೂಲಿ ಚೆಂಡು ಐದು ಔನ್ಸ್, ಅಕಾಡೆಮಿಗಳಲ್ಲಿ ವೇಗ ಹೆಚ್ಚಿಸಲು ಎರಡು ಪೌಂಡಿನವರೆಗಿನ ಚೆಂಡು ಎಸೆಸುತ್ತಾರೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 13ರಿಂದ 18 ವಯಸ್ಸಿನ ಪಿಚರ್‌ಗಳಿಗೆ ಆರು ವಾರ ಹೀಗೆ ಮಾಡಿಸಿದರು. ವೇಗ ಶೇಕಡಾ 3.3 ಹೆಚ್ಚಿತು, ನಿಜ. ಆದರೆ ಆ ಗುಂಪಿನಲ್ಲಿ ಶೇಕಡಾ 24 ಮಂದಿಗೆ ಗಾಯವಾಯಿತು. ಸ್ನಾಯು ಬೆಳೆದಷ್ಟು ಬೇಗ ಮೊಣಕೈಯ ಲಿಗಮೆಂಟ್, ಅಂದರೆ ಎಲುಬುಗಳನ್ನು ಕಟ್ಟಿ ಹಿಡಿಯುವ ಪಟ್ಟಿ, ಗಟ್ಟಿಯಾಗುವುದಿಲ್ಲ. ಅದು ಹರಿದರೆ ಬೇರೆ ಪಟ್ಟಿ ಹಾಕಿ ಸರಿಮಾಡುವ ಟಾಮಿ ಜಾನ್ ಆಪರೇಷನ್, ಮತ್ತೆ ಪಿಚ್ ಮಾಡಲು ವರ್ಷ, ಒಂದೂವರೆ ವರ್ಷ ಬೇಕು. ಹದಿನಾಲ್ಕರ ಹುಡುಗನಿಗೆ ಈ ವ್ಯಾಪಾರ ಬೇಡವೇ ಬೇಡ.

ಸ್ಕಾಲರ್‌ಶಿಪ್ ಆಸೆಗೆ ಸಾವಿರಾರು ಡಾಲರ್ ಸುರಿಯುವವರಿಗೂ ಒಂದು ಮಾತು. ಡಿವಿಷನ್ ಒನ್, ಅಂದರೆ ಕಾಲೇಜು ಆಟದ ಮೇಲಿನ ಹಂತದ ಕಾಲೇಜಿನ ಇಡೀ ಬೇಸ್‌ಬಾಲ್ ಟೀಮಿಗೆ ವರ್ಷಗಟ್ಟಲೆ ಇದ್ದದ್ದು 11.7 ಸ್ಕಾಲರ್‌ಶಿಪ್, ಅದನ್ನೇ 27 ಜನರವರೆಗೆ ಹಂಚುತ್ತಿದ್ದರು. 2025ರಲ್ಲಿ ನಿಯಮ ಬದಲಾಗಿದೆ, ಆದರೂ ಪೂರ್ತಿ ಫೀಸ್ ಸಿಗುವುದು ಅಪರೂಪ. ಡಿವಿಷನ್ ತ್ರೀಯಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ಪೇ ಇಲ್ಲ.

ಊಟಕ್ಕೆ ಡಬ್ಬಿ ಪುಡಿ ಬೇಡ. ರೊಟ್ಟಿ, ಮಡಕಿಕಾಳು, ಶೇಂಗಾ, ಮೊಸರು, ತಿನ್ನುವವರಾದರೆ ಮೊಟ್ಟೆ. ಸಪ್ಲಿಮೆಂಟ್ ಮಾರುವ ಮೊದಲು ಇಲ್ಲಿ ಎಫ್‌ಡಿಎ (ಆಹಾರ, ಔಷಧ ನೋಡುವ ಸರ್ಕಾರಿ ಇಲಾಖೆ) ಒಪ್ಪಿಗೆ ಬೇಕಿಲ್ಲ, ಅದು ನೆನಪಿರಲಿ.

ಈಗಾಗಲೇ ಸಹಿ ಹಾಕಿದ್ದರೆ ಒಪ್ಪಂದದ ಪ್ರತಿ ತರಿಸಿ, ರದ್ದು ಮಾಡುವ ಷರತ್ತು ಹುಡುಕಿ. ಜಿಮ್ ಒಪ್ಪಂದವನ್ನು ಕೆಲವು ದಿನಗಳಲ್ಲಿ ರದ್ದು ಮಾಡುವ ಹಕ್ಕು ಹಲವು ರಾಜ್ಯಗಳಲ್ಲಿದೆ, ನಿಮ್ಮದಕ್ಕೆ ಅನ್ವಯವಾಗುತ್ತದಾ ನೋಡಿ. ಗಾಯವಾಗಿದ್ದರೆ ಡಾಕ್ಟರ್ ಪತ್ರ ಲಗತ್ತಿಸಿ, ಕಂತು ತಡೆಹಿಡಿಯಿರಿ ಅಂತ ಇಮೇಲಿನಲ್ಲೇ ಕೇಳಿ, ಬಾಯಿಮಾತು ನಡೆಯುವುದಿಲ್ಲ. ಮುಂದಿನ ಕಡಿತಕ್ಕೆ ಮೂರು ಕೆಲಸದ ದಿನ ಮುಂಚೆ ಬ್ಯಾಂಕಿಗೆ ಹೇಳಿದರೆ ಅವರು ಆ ಪಾವತಿ ನಿಲ್ಲಿಸಬೇಕು. ಆದರೆ ಅಷ್ಟಕ್ಕೇ ಒಪ್ಪಂದ ಸಾಯುವುದಿಲ್ಲ. ಬಾಕಿ ವಸೂಲಿ ಮಾಡುವ ಕಲೆಕ್ಷನ್ ಏಜೆನ್ಸಿಗೆ ಹೋದರೆ ನಿಮ್ಮ ಕ್ರೆಡಿಟ್ ಸ್ಕೋರ್ ಬೀಳಬಹುದು, ಹಾಗಾಗಿ ಮೊದಲು ಬರವಣಿಗೆಯಲ್ಲಿ ರದ್ದು ಕೇಳಿ, ಆಮೇಲೆ ಬ್ಯಾಂಕಿಗೆ ಹೋಗಿ.