ಪಿಪಿ (ಪಬ್ಲಿಕ್ ಪ್ರಾಸಿಕ್ಯೂಟರ್, ಅಂದ್ರೆ ಸರ್ಕಾರಿ ವಕೀಲ) ಆಗಿ ನಾನು ಫೈನಲ್ ಆರ್ಗ್ಯುಮೆಂಟ್‌ಗೆ ಹೇಗೆ ರೆಡಿಯಾಗ್ತೀನಿ

ಸೆಷನ್ಸ್ ಕೋರ್ಟಲ್ಲಿ ನನ್ನ ಮೊದಲನೇ ಮರ್ಡರ್ ಕೇಸಿನ ಆರ್ಗ್ಯುಮೆಂಟ್ ನೆನಪಾದ್ರೆ ಈಗ್ಲೂ ಕಿವಿ ಬಿಸಿಯಾಗುತ್ತೆ. "ತಪ್ಪು ಮಾಡಿಲ್ಲ ಅಂದ್ರೆ ಆರೋಪಿ ಪ್ರಮಾಣ ಮಾಡಿ ಸಾಕ್ಷಿ ಹೇಳ್ಬೋದಿತ್ತಲ್ಲ ಸ್ವಾಮಿ" ಅಂದ್ಬಿಟ್ಟೆ. ಡಿಫೆನ್ಸ್ ವಕೀಲರು ಏಳೋಕೆ ಮುಂಚೆನೇ ಜಡ್ಜು ಪೆನ್ನು ಕೆಳಗಿಟ್ಟು "315 ಓದಿದೀರಾ ಪಿಪಿಯವ್ರೇ?" ಅಂದ್ರು. ಓದಿದ್ದೆ, ಪರೀಕ್ಷೆಗೆ. ಕ್ರಿಮಿನಲ್ ಕೇಸ್ ನಡೆಸೋ ಹಳೇ ಕಾನೂನು ಸಿಆರ್‌ಪಿಸಿಯ ಸೆಕ್ಷನ್ ಅದು. ಆರೋಪಿ ತಾನು ಸಾಕ್ಷಿ ಹೇಳ್ಲಿಲ್ಲ ಅನ್ನೋದರ ಬಗ್ಗೆ ನಾವಾಗ್ಲಿ ಕೋರ್ಟಾಗ್ಲಿ ಕಾಮೆಂಟ್ ಮಾಡೋಹಾಗಿಲ್ಲ, ಸಿಆರ್‌ಪಿಸಿ ಜಾಗಕ್ಕೆ ಬಂದಿರೋ ಈಗಿನ ಬಿಎನ್‌ಎಸ್‌ಎಸ್ 353ರಲ್ಲೂ ಅದೇ ಇದೆ.

ನಮ್ಮಲ್ಲಿ ಜ್ಯೂರಿ ಇಲ್ಲ, ಕೇಳೋರು ಜಡ್ಜು, ಸ್ವಲ್ಪ ಹೆಚ್ಚುಕಮ್ಮಿ ಮಾತಾಡಿದ್ರೂ ಅವರೇ ಸೋಸ್ಕೋತಾರೆ ಅನ್ನೋ ಧೈರ್ಯ ನಮ್ಮ ಎಷ್ಟೋ ಜನಕ್ಕೆ. ಆ ಮಾತು ಜಡ್ಜ್‌ಮೆಂಟಿಗೆ ನುಸುಳಿದ್ರೆ ಅಪೀಲಲ್ಲಿ ಹೊಡೆತ ಬೀಳೋದು ನಮ್ಮ ಕೇಸಿಗೇ.

ಅವತ್ತಿಂದ ಒಂದು ಲಾಂಗ್ ಬುಕ್ ಇಟ್ಟಿದೀನಿ, ಮಧ್ಯ ಗೆರೆ ಎಳೆದು ಎಡಕ್ಕೆ ನಾನು ಹೇಳೋ ಮಾತು, ಬಲಕ್ಕೆ ಅದು ಎಲ್ಲಿಂದ ಬಂತು, ಪಿಡಬ್ಲ್ಯೂ 3 (ನಮ್ಮ ಕಡೆಯ ಮೂರನೇ ಸಾಕ್ಷಿ), ಎಕ್ಸಿಬಿಟ್ ಪಿ-7 (ನಮ್ಮ ಕಡೆಯ ಏಳನೇ ದಾಖಲೆ) ಹೀಗೆ. ಬಲಗಡೆ ಖಾಲಿ ಇದ್ರೆ ಎಡಗಡೇದನ್ನ ಹೊಡೆದುಹಾಕೋದು, ಅದು ಎಷ್ಟೇ ಚೆನ್ನಾಗಿರೋ ಡೈಲಾಗ್ ಆಗ್ಲಿ.

ಜಾಸ್ತಿ ಕತ್ತರಿ ಬೀಳೋದು ಸ್ವಇಚ್ಛಾ ಹೇಳಿಕೆಗೆ, ಅಂದ್ರೆ ಆರೋಪಿ ಪೊಲೀಸರ ಹತ್ರ ಕೊಟ್ಟ ಹೇಳಿಕೆಗೆ. "ನಾನೇ ಮಚ್ಚಲ್ಲಿ ಹೊಡ್ದೆ, ಮಚ್ಚನ್ನ ಪಂಪ್‌ಹೌಸ್ ಹಿಂದೆ ಹುಣಸೆಮರದ ಬುಡದಲ್ಲಿ ಬಚ್ಚಿಟ್ಟಿದೀನಿ, ಬಂದ್ರೆ ತೋರಿಸ್ತೀನಿ" ಅಂತ ಐಓ (ತನಿಖಾಧಿಕಾರಿ) ಬರ್ಕೊಂಡಿರ್ತಾರೆ. ಇದರಲ್ಲಿ "ನಾನೇ ಹೊಡ್ದೆ" ಅನ್ನೋದನ್ನ ನಾನು ಬಾಯಿಗೇ ತಗೊಳ್ಳಲ್ಲ, ಪೊಲೀಸರ ಹತ್ರ ಒಪ್ಕೊಂಡಿದ್ದು ಸಾಕ್ಷಿ ಆಗಲ್ಲ. ಮಚ್ಚು ಸಿಗೋಕೆ ಕಾರಣ ಆದ ಭಾಗ ಅಷ್ಟೇ ಉಳಿಯುತ್ತೆ, ಹಳೇ ಎವಿಡೆನ್ಸ್ ಆಕ್ಟ್ 27. ಹಾಸ್ಟೈಲ್ ಆದವನ, ಅಂದ್ರೆ ಕೋರ್ಟಲ್ಲಿ ತಿರುಗಿಬಿದ್ದ ಸಾಕ್ಷಿಯ 161 ಹೇಳಿಕೆನೂ (ತನಿಖೆ ವೇಳೆ ಪೊಲೀಸರಿಗೆ ಕೊಟ್ಟಿದ್ದು) ಹಂಗೇ, ಅವನ ಮಾತನ್ನ ಅಲ್ಲಗಳೆಯೋಕೆ ಸರಿ, ಅದನ್ನೇ ಸಾಕ್ಷಿ ಅಂತ ಓದೋಹಾಗಿಲ್ಲ. ರೌಡಿ ಶೀಟ್ ವಿಷಯ ಅಂತೂ ಎತ್ತೋದೇ ಇಲ್ಲ.

ಒಂದ್ಸಲ ಆರ್ಗ್ಯುಮೆಂಟ್ ಹಿಂದಿನ ರಾತ್ರಿ ಬುಕ್ ತುಂಬಿಸ್ತಾ ನೋಡ್ತೀನಿ, ಶರ್ಟಿನ ರಕ್ತದ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ರಿಪೋರ್ಟ್ ಬಗ್ಗೆ 313ರಲ್ಲಿ (ವಿರುದ್ಧ ಬಂದ ಸಾಕ್ಷ್ಯದ ಬಗ್ಗೆ ಕೋರ್ಟು ಆರೋಪಿಗೆ ಕೇಳೋ ಪ್ರಶ್ನೆಗಳು) ಒಂದು ಪ್ರಶ್ನೆನೂ ಇಲ್ಲ. ಆರೋಪಿಗೆ ಕೇಳದೇ ಇರೋ ಸಂಗತಿನ ಅವನ ವಿರುದ್ಧ ಬಳಸೋಹಾಗಿಲ್ಲ ಅಂತ 1984ರ ಶರದ್ ಬಿರ್ಧಿಚಂದ್ ಸಾರ್ದಾ ಕೇಸಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬೆಳಿಗ್ಗೆ ಅರ್ಜಿ ಹಾಕಿ ಹೆಚ್ಚುವರಿ 313 ಮಾಡಿಸ್ಕೊಂಡೆ, ಡಿಫೆನ್ಸ್ ಸೀನಿಯರ್ ಮುಖ ಸಪ್ಪಗಾಯ್ತು, ಪಾಪ ಅವರು ಅದೊಂದನ್ನೇ ನಂಬ್ಕೊಂಡು ಕೂತಿದ್ರು ಅನ್ಸುತ್ತೆ.

ಕಷ್ಟ ಇರೋದು ಸತ್ತವರ ಮನೆಯವರಿಗೆ ಇದನ್ನ ಹೇಳೋದು. ಹೇಗಾದ್ರೂ ಶಿಕ್ಷೆ ಕೊಡಿಸ್ಲೇಬೇಕು ಅನ್ನೋ ದಾಹ ಪಿಪಿಗೆ ಇರಬಾರದು ಅಂತ 1999ರ ಶಿವಕುಮಾರ್-ಹುಕಂ ಚಂದ್ ತೀರ್ಪಲ್ಲಿದೆ, ಮಗನ್ನ ಕಳ್ಕೊಂಡ ತಾಯಿಗೆ ಅದನ್ನ ಯಾವ ಬಾಯಲ್ಲಿ ಹೇಳೋದು? "ಅವರ ಲಾಯರ್ ಅಷ್ಟು ಕೂಗಾಡಿದ್ರು, ನೀವು ಮೆತ್ತಗೆ ಓದ್ಬಿಟ್ರಲ್ಲ ಸಾರ್" ಅಂದ್ರು ಒಬ್ಬ ಅಮ್ಮ ಕಾರಿಡಾರಲ್ಲಿ. ಲಾಂಗ್ ಬುಕ್ ತೆಗೆದು ತೋರಿಸ್ದೆ. ಅವರಿಗೆ ಓದೋಕೆ ಬರಲ್ಲ, ಬಲಗಡೆ ನಂಬರ್‌ಗಳ ಮೇಲೆ ಬೆರಳಾಡಿಸ್ತಾ "ಇದ್ರಲ್ಲಿ ನಾನೆಲ್ಲಿ?" ಅಂದ್ರು. ಪಿಡಬ್ಲ್ಯೂ 2 ತೋರಿಸ್ದೆ.