ಮೆಣಸ್ಕಾಯಿಗೆ ಯಾವ ಸೇಬು?

ಉಪ್ಪಿನಕಾಯಿಯ ಮಾವು ಜೀರಿಗೆ ಮಿಡಿ ಹಣ್ಣಾಗಲಿ ಅಂತ ನಮ್ಮ ಕಡೆ ಯಾರೂ ಕಾಯುವುದಿಲ್ಲ. ಹಣ್ಣಿಗೆಂದೇ ಇರುವ ಕರಿ ಇಷಾಡು ಮಾವನ್ನು ಮಿಡಿಯಲ್ಲೇ ಕೊಯ್ದು ಉಪ್ಪಿಗೆ ಹಾಕುವುದೂ ಇಲ್ಲ. ಯಾವ ಮರದ ಕಾಯಿ ಯಾವುದಕ್ಕೆ ಅಂತ ಮನೆಯ ಮಕ್ಕಳಿಗೂ ಗೊತ್ತು. ಸೇಬಿನ ವಿಷಯಕ್ಕೆ ಬಂದರೆ ಮಾತ್ರ ಕೆಂಪಗಿದೆಯಾ, ಹೊಳೆಯುತ್ತಾ ಅಂತ ನೋಡಿ ತಂದುಬಿಡುತ್ತೇವೆ. ಆದರೆ ಸೇಬಿನಲ್ಲೂ ಕಾಡಿನದು ಬೇರೆ, ಹೂವಿನ ಅಂದಕ್ಕೆ ಬೆಳೆಸುವುದು ಬೇರೆ. ಕಚ್ಚಿ ತಿನ್ನುವುದೇ ಬೇರೆ, ಬೇಯಿಸುವುದೇ ಬೇರೆ.

ನನಗೆ ಇದು ಗೊತ್ತಾಗಿದ್ದು ಅಡುಗೆ ಕೆಟ್ಟ ಮೇಲೆ. ಒಮ್ಮೆ ಶ್ರಾವಣದಲ್ಲಿ ಶಿರಸಿ ಪೇಟೆಯಲ್ಲಿ ಒಳ್ಳೆಯ ಅನಾನಸ್ ಸಿಗಲಿಲ್ಲ. ಅದರ ಬದಲು ಕೆಂಪು ಸೇಬಿನ ಮೆಣಸ್ಕಾಯಿ ಮಾಡಿದೆ, ಅಂದರೆ ಎಳ್ಳು, ಕಾಯಿ ರುಬ್ಬಿ ಹಾಕುವ ಹುಳಿ-ಸಿಹಿ-ಖಾರದ ಪದಾರ್ಥ. ಹೋಳು ಕರಗಿ ಹಿಟ್ಟಾಯಿತು. ಹುಳಿಯ ಸುಳಿವೇ ಇಲ್ಲ, ಬರೀ ಸಿಹಿ. ಊಟಕ್ಕೆ ಬಂದವರು ಏನೂ ಹೇಳದೆ ಬಾಳೆಲೆಯ ಅಂಚಿಗೆ ಸರಿಸಿಟ್ಟರು. ಆಮೇಲಿಂದ ನಾನು ಸೇಬು ತರುವುದು ಜಾತಿ ಕೇಳಿಯೇ.

ಮೊದಲು ಜಾತಿ ನೋಡಿ

ಹಿಮಾಚಲ, ಕಾಶ್ಮೀರದಿಂದ ಬರುವ ಕಡುಗೆಂಪು ಸೇಬು ಹೆಚ್ಚಾಗಿ ಡೆಲಿಷಿಯಸ್ ಜಾತಿಯದು. ಬುಡ ತಿರುಗಿಸಿ ನೋಡಿ, ಐದು ಸಣ್ಣ ಉಬ್ಬು ಕಾಣುತ್ತವೆ. ಇದು ಹಾಗೇ ತಿನ್ನಲು ಚೆಂದ, ಒಲೆಗೆ ಆಗದು. ಹಳದಿ ಮೈಯ ಗೋಲ್ಡನ್ ಸಿಹಿ, ಆದರೂ ಬೆಂದಾಗ ಸುಮಾರಾಗಿ ಗಟ್ಟಿ ಉಳಿಯುತ್ತದೆ. ಗಾಲಾ, ಫ್ಯೂಜಿ ಎರಡೂ ಮಕ್ಕಳ ಡಬ್ಬಿಗೆ ಸರಿ.

ಅಡುಗೆಗೆ ಬೇಕಾದದ್ದು ಹಸಿರು ಸೇಬು, ಅಂದರೆ ಗ್ರಾನಿ ಸ್ಮಿತ್. ಇದು ಹೊರದೇಶದಿಂದ ಬರುವುದರಿಂದ ಬೆಲೆ ಜಾಸ್ತಿ, ಎರಡೇ ತನ್ನಿ ಸಾಕು. ಮೈಮೇಲೆ ಅಂಟಿಸಿದ ಚೀಟಿಯ ನಂಬರೇ ಜಾತಿ ಹೇಳುತ್ತದೆ. 4017 ಅಂತಿದ್ದರೆ ದೊಡ್ಡ ಗ್ರಾನಿ ಸ್ಮಿತ್, 4139 ಅಂತಿದ್ದರೆ ಸಣ್ಣದು. ಈ ಜಾತಿಯ ಮೊದಲ ಗಿಡ ಕಂಡಿದ್ದು 1868ರ ಹೊತ್ತಿಗೆ, ಆಸ್ಟ್ರೇಲಿಯಾದ ಸಿಡ್ನಿ ಹತ್ತಿರ, ಮರಿಯಾ ಆ್ಯನ್ ಸ್ಮಿತ್ ಎಂಬ ಅಜ್ಜಿಯ ತೋಟದಲ್ಲಿ. ತಾನಾಗಿ ಹುಟ್ಟಿದ ಗಿಡ ಅದು. ನಮ್ಮ ಕೊಟ್ಟಿಗೆಯ ಹಿಂದೆ ಒಗೆದ ಗೊರಟೆಯಿಂದ ಒಳ್ಳೆಯ ಅಪ್ಪೆ ಮಾವಿನ ಮರ ಏಳುವುದಿಲ್ವಾ, ಹಾಗೆ.

ಒಂದು ಹೋಳು ಬೇಯಿಸಿ ನೋಡಿ

ಜಾತಿ ಗೊತ್ತಾಗದಿದ್ದರೆ ಬೆರಳು ದಪ್ಪದ ಒಂದು ಹೋಳನ್ನು ಸ್ವಲ್ಪ ನೀರಿನಲ್ಲಿ, ಮುಚ್ಚಳ ಮುಚ್ಚಿ, 8 ನಿಮಿಷ ಬೇಯಿಸಿ. ಚಮಚದಲ್ಲಿ ಎತ್ತಿದಾಗ ಅಂಚು ಉಳಿದಿದ್ದು, ಬಾಯಿಗಿಟ್ಟರೆ ಹುಳಿ ಇದ್ದರೆ ಅದು ಮೆಣಸ್ಕಾಯಿಗೆ ಆಗುತ್ತದೆ. ಕರಗಿಹೋದರೂ ಹುಳಿ ಇದೆ ಅಂತಾದರೆ ಗೊಜ್ಜು ಮಾಡಿ. ಇಂಗ್ಲೆಂಡಿನಲ್ಲಿ ಬ್ರಾಮ್ಲಿ ಅಂತ ಒಂದು ಜಾತಿಯನ್ನು ಬೇಯಿಸುವುದಕ್ಕೆಂದೇ ಬೆಳೆಸುತ್ತಾರೆ. ಅದು ಬೆಂದರೆ ನೊರೆಯ ಹಾಗೆ ಕರಗುತ್ತದೆ, ಹುಳಿ ಮಾತ್ರ ಹೋಗುವುದಿಲ್ಲ. ಬೆಂದ ಹೋಳಿಗೆ ರುಚಿಯೇ ಇಲ್ಲವೆಂದಾದರೆ ಉಳಿದ ಹಣ್ಣನ್ನು ಹಸಿಯಾಗಿಯೇ ತಿಂದು ಮುಗಿಸಿ.

ಇನ್ನು ಮೆಣಸ್ಕಾಯಿ

ಎರಡು ಹಸಿರು ಸೇಬನ್ನು ಉಗುರುಬೆಚ್ಚನೆ ನೀರಿನಲ್ಲಿ ಉಜ್ಜಿ ತೊಳೆಯಿರಿ, ಮೇಣ ಹೋಗಬೇಕು. ಸಿಪ್ಪೆ ತೆಗೆದು ಹೋಳು ಮಾಡಿ ಉಪ್ಪುನೀರಿಗೆ ಹಾಕಿ, ಕಪ್ಪಾಗುವುದಿಲ್ಲ. ಒಂದೂವರೆ ದೊಡ್ಡ ಚಮಚ ಎಳ್ಳು ಚಟಪಟ ಅನ್ನುವವರೆಗೆ ಹುರಿದು ತೆಗೆದಿಡಿ. ಒಂದು ಚಮಚ ಉದ್ದಿನಬೇಳೆ, ಕಾಲು ಚಮಚ ಮೆಂತ್ಯ, ನಾಲ್ಕು ಬ್ಯಾಡಗಿ ಮೆಣಸು ಎಣ್ಣೆಯಲ್ಲಿ ಹುರಿಯಿರಿ. ಅರ್ಧ ಬಟ್ಟಲು ಕಾಯಿತುರಿ ಸೇರಿಸಿ ಎಲ್ಲವನ್ನೂ ನುಣ್ಣಗೆ ರುಬ್ಬಿ.

ಹೋಳು ಬೇಯಿಸುವಾಗಲೇ ಅರಿಶಿನ, ಉಪ್ಪಿನ ಜೊತೆ ಮೂರು ಚಮಚ ಜೋನಿ (ನೀರು) ಬೆಲ್ಲ ಹಾಕಿಬಿಡಿ. ಸಿಹಿ ಸೇರಿದರೆ ಹೋಳು ಬೇಗ ಕರಗುವುದಿಲ್ಲ. ಆರೇಳು ನಿಮಿಷಕ್ಕೆ ಹೋಳಿನ ಬಿಳಿ ಬಣ್ಣ ಹೋಗಿ ಗಾಜಿನ ಹಾಗೆ ಕಾಣುತ್ತದೆ. ಆಗ ರುಬ್ಬಿದ್ದು ಹಾಕಿ, ಒಂದೇ ಕುದಿ ಬರಿಸಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ. ಹುಣಸೆ ಬೇಡ, ಸೇಬಿನ ಹುಳಿಯೇ ಸಾಕು. ಆದರೆ ಮಾವಿನಕಾಯಿಯ ತೆಳು ಸಾರಾದ ಅಪ್ಪೆಹುಳಿಗೆ ಮಾತ್ರ ಸೇಬು ಹಾಕಬೇಡಿ. ಅದಕ್ಕೆ ಮಾವಿನ ಸೊನೆಯ ಪರಿಮಳವೇ ಬೇಕು, ಅದು ಸೇಬಿನಲ್ಲಿ ಎಲ್ಲಿಂದ ಬರಬೇಕು?

ಗಿಡ ನೆಡುವ ಆಸೆ ಇದ್ದರೆ

ತಿಂದ ಸೇಬಿನ ಬೀಜ ಕುಂಡಕ್ಕೆ ಹಾಕಿ ಅದೇ ಹಣ್ಣು ಸಿಗುತ್ತದೆ ಅಂತ ಕಾಯಬೇಡಿ. ಒಂದೊಂದು ಬೀಜವೂ ಒಂದೊಂದು ಥರದ ಮರ. ಸೇಬಿನ ತವರು ಕಜಕಸ್ತಾನದ ಕಡೆಯ ತಿಯೆನ್ ಶಾನ್ ಬೆಟ್ಟಸಾಲು. ಅಲ್ಲಿನ ಕಾಡುಸೇಬಿನ ಮರಗಳಲ್ಲಿ ಒಂದರ ಹಣ್ಣು ಸಿಹಿ, ಪಕ್ಕದ್ದರದು ಒಗರು. ಅದಕ್ಕೇ ಬೇಕಾದ ಜಾತಿಯನ್ನು ಕಸಿ ಕಟ್ಟಿಯೇ ಉಳಿಸಿಕೊಳ್ಳುತ್ತಾರೆ, ನಾವು ಅಪ್ಪೆಮಿಡಿಗೆ ಮಾಡುವಂತೆ.

ಸಾಮಾನ್ಯ ಸೇಬಿಗೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ 1000 ಗಂಟೆಯಷ್ಟು ಬೇಕು. ಅಷ್ಟು ಚಳಿ ನಮ್ಮ ಘಟ್ಟದ ಮೇಲೂ ಇಲ್ಲ, ಕಾರವಾರದ ಕರಾವಳಿಯಲ್ಲಂತೂ ಕೇಳುವುದೇ ಬೇಡ. ಕಡಿಮೆ ಚಳಿಯ ಅನ್ನಾ, ಡಾರ್ಸೆಟ್ ಗೋಲ್ಡನ್, ಹಿಮಾಚಲದ ಹರಿಮನ್ ಶರ್ಮಾ ಅವರ ಎಚ್‌ಆರ್‌ಎಂಎನ್-99 ಜಾತಿಗಳನ್ನು ಪ್ರಯತ್ನಿಸಬಹುದು. ಅನ್ನಾ ಒಂದನ್ನೇ ನೆಟ್ಟರೆ ಕಾಯಿ ಕಟ್ಟುವುದು ಕಷ್ಟ, ಪರಾಗಕ್ಕೆ ಜೊತೆಗೆ ಡಾರ್ಸೆಟ್ ಇರಲಿ. ನಮ್ಮ ಮಳೆಗೆ ನೀರು ನಿಲ್ಲದ ಏರು ಜಾಗವೇ ಬೇಕು.

ಚಳಿ ದೇಶಗಳ ತೋಟಗಳಲ್ಲಿ ಈ ಪರಾಗದ ಕೆಲಸಕ್ಕೆ ಕ್ರ್ಯಾಬ್ ಸೇಬು ನೆಡುವುದುಂಟು. ಹಣ್ಣು 5 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಅದು ಕ್ರ್ಯಾಬ್. ಗುಲಾಬಿ, ಬಿಳಿ ಹೂವು ಎಲೆಯೇ ಕಾಣದಷ್ಟು ಬಿಡುತ್ತದೆ, ಬಹಳ ಜನ ಬೆಳೆಸುವುದೇ ಆ ಅಂದಕ್ಕೆ. ಹಣ್ಣು ಹಸಿ ತಿಂದರೆ ಬಾಯಿ ಒಗರು. ಆದರೆ ಪೆಕ್ಟಿನ್, ಅಂದರೆ ಹಣ್ಣಿನ ರಸವನ್ನು ಗಟ್ಟಿಯಾಗಿಸುವ ಅಂಶ, ತುಂಬಿರುವುದರಿಂದ ಜೆಲ್ಲಿ ಬಹಳ ಚೆನ್ನಾಗಿ ಗಟ್ಟಿಯಾಗುತ್ತದೆ.

ಆ ಪೆಕ್ಟಿನ್ ನಮ್ಮ ಹಸಿರು ಸೇಬಿನ ಸಿಪ್ಪೆಯಲ್ಲೂ ನಡುವಿನ ತಿರುಳಿನಲ್ಲೂ ಇದೆ. ಹಾಗಾಗಿ ಅವನ್ನು ಬಿಸಾಡಬೇಡಿ. ಬೀಜ ತೆಗೆದು, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಅನಾನಸ್ ಜಾಮ್ ಕುದಿಯುವಾಗ ಅದರೊಳಗೆ ಇಳಿಬಿಡಿ. ಕೊನೆಗೆ ಗಂಟನ್ನು ಹಿಂಡಿ ತೆಗೆಯಿರಿ. ತಣ್ಣನೆಯ ತಟ್ಟೆಗೆ ಒಂದು ಹನಿ ಜಾಮ್ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಬೆರಳಲ್ಲಿ ತಳ್ಳಿ ನೋಡಿ. ಮೇಲ್ಮೈ ಸುಕ್ಕುಗಟ್ಟಿದರೆ ಒಲೆ ಆರಿಸಬಹುದು.