ಲೈಬ್ರರಿ ವರ್ಷನ್‌ಗಳ ಗೋಜಲು ಬಿಡಿಸುವುದು ಹೇಗೆ?

ತಿಂಗಳ ಕೊನೆಯ ರಾತ್ರಿ. ನಾನು ಆಗ ಕೆಲಸ ಮಾಡುತ್ತಿದ್ದ ಜಾವಾ ಪ್ರಾಜೆಕ್ಟಿನ ಬಿಲ್ಲಿಂಗ್ ಬ್ಯಾಚ್ ಹತ್ತು ನಿಮಿಷ ಓಡಿ ನಿಂತುಬಿಟ್ಟಿತು. ಲಾಗ್ ತೆರೆದರೆ ‘ನೋ ಸಚ್ ಮೆಥಡ್ ಎರರ್’, ಅಂದರೆ ಕರೆದ ಮೆಥಡ್ ಇಲ್ಲ ಎಂಬ ದೂರು. ಪಕ್ಕದಲ್ಲಿ ಗ್ವಾವಾ ಲೈಬ್ರರಿಯ ‘ಚೆಕ್ ಆರ್ಗ್ಯುಮೆಂಟ್’ ಮೆಥಡ್‌ನ ಹೆಸರು. ಆ ಮೆಥಡ್ ಗ್ವಾವಾದಲ್ಲಿ ಎಷ್ಟೋ ವರ್ಷಗಳಿಂದ ಇದೆ. ನಮ್ಮ ಕೋಡ್ ಕಂಪೈಲ್ ಆಗಿತ್ತು, ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಮತ್ತೆ ಇಲ್ಲ ಅನ್ನುತ್ತಿರುವುದು ಯಾವುದನ್ನು?

ಎರಡು ಗಂಟೆ ಹುಡುಕಿದ ಮೇಲೆ ಗೊತ್ತಾಯಿತು. ಹಿಂದಿನ ವಾರ, ಹೊಸದಾಗಿ ಸೇರಿದ್ದ ಹುಡುಗನೊಬ್ಬ ಪೋಮ್ ಫೈಲಿನ ಡಿಪೆಂಡೆನ್ಸಿಗಳನ್ನು, ಅಂದರೆ ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿಗಳ ಪಟ್ಟಿಯನ್ನು, ಅಕ್ಷರ ಕ್ರಮದಲ್ಲಿ ಜೋಡಿಸಿದ್ದ. ಒಂದನ್ನೂ ಸೇರಿಸಿರಲಿಲ್ಲ, ಒಂದನ್ನೂ ತೆಗೆದಿರಲಿಲ್ಲ. ಬರೀ ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ಅವನದು ತಪ್ಪಲ್ಲ. ಯಾವ ಗ್ವಾವಾ ಬೇಕು ಎಂದು ನಾವು ಎಲ್ಲೂ ಬರೆದೇ ಇರಲಿಲ್ಲ.

ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡುವವರಿಗೆ ಇಂಥ ರಾತ್ರಿಗಳು ಹೊಸದಲ್ಲ. ಅವನ್ನು ಕಡಿಮೆ ಮಾಡಲು ನಾನು ಅಂದಿನಿಂದ ಪಾಲಿಸುತ್ತಿರುವ ಕ್ರಮ ಇಲ್ಲಿದೆ. ಉದಾಹರಣೆಗಳು ಮೇವನ್‌ನವು, ಪೋಮ್ ಫೈಲ್ ಓದಿ ಲೈಬ್ರರಿಗಳನ್ನು ತಂದು ಬಿಲ್ಡ್ ಮಾಡುವ ಟೂಲ್ ಅದು. ಅಂಥದ್ದೇ ಇನ್ನೊಂದು ಟೂಲ್ ಗ್ರೇಡಲ್ ಬಳಸುವವರಿಗೆ ಬೇರೆಯಾಗುವ ಕಡೆ ಹೇಳುತ್ತೇನೆ.

ಗೋಜಲು ಆಗುವುದು ಎಲ್ಲಿ?

ನೀವು ಒಂದು ಲೈಬ್ರರಿ ಕರೆದರೆ ಅದು ತನ್ನ ಬಳಗವನ್ನೆಲ್ಲ ಕರೆದುಕೊಂಡು ಬರುತ್ತದೆ. ನಮ್ಮ ಪ್ರಾಜೆಕ್ಟಿನಲ್ಲಿ ಒಂದು ರಿಪೋರ್ಟ್ ಲೈಬ್ರರಿ ಗ್ವಾವಾ 31.1 ತಂದಿತ್ತು. ಎಕ್ಸೆಲ್ ಓದುವ ಹಳೇ ಲೈಬ್ರರಿಯೊಂದು ಗ್ವಾವಾ 19.0 ತಂದಿತ್ತು. ಕ್ಲಾಸ್‌ಪಾತ್‌ನಲ್ಲಿ (ಓಡುವಾಗ ಜಾವಾ ಕೋಡ್ ಹುಡುಕುವ ಜಾಗಗಳ ಪಟ್ಟಿ) ಎರಡಕ್ಕೂ ಜಾಗವಿಲ್ಲ, ಮೇವನ್ ಒಂದನ್ನೇ ಉಳಿಸಿಕೊಳ್ಳುತ್ತದೆ. ಅದು ನೋಡುವುದು ಯಾವುದು ಹೊಸದು ಎಂದಲ್ಲ, ಯಾವುದು ಹತ್ತಿರ ಎಂದು. ನಿಮ್ಮ ಪ್ರಾಜೆಕ್ಟಿನಿಂದ ಎಷ್ಟು ಹೆಜ್ಜೆ ದೂರ ಎಂದು ಎಣಿಸುತ್ತದೆ. ದೂರ ಸಮನಾಗಿದ್ದರೆ ಪೋಮ್‌ನಲ್ಲಿ ಮೊದಲು ಬರೆದ ಲೈಬ್ರರಿ ತಂದದ್ದೇ ಗೆಲ್ಲುತ್ತದೆ. ನಮ್ಮಲ್ಲಿ ಎರಡೂ ಸಮ ದೂರದಲ್ಲಿದ್ದವು. ಸಾಲು ಬದಲಾದಾಗ ಗೆದ್ದವರೂ ಬದಲಾದರು. ಗ್ರೇಡಲ್ ಆಗಿದ್ದರೆ ಸಾಮಾನ್ಯವಾಗಿ ಹೆಚ್ಚಿನ ವರ್ಷನ್ ಆರಿಸುತ್ತಿತ್ತು.

ಮೆಥಡ್ ಇದ್ದೂ ಇಲ್ಲವಾದದ್ದು ಹೇಗೆ? ಹಳೇ ಗ್ವಾವಾದ ‘ಚೆಕ್ ಆರ್ಗ್ಯುಮೆಂಟ್’, ಸಂದೇಶದ ಜೊತೆ ಎಷ್ಟು ಮೌಲ್ಯ ಕೊಟ್ಟರೂ ಅವನ್ನೆಲ್ಲ ಒಂದೇ ಅರೇ ಆಗಿ ತೆಗೆದುಕೊಳ್ಳುತ್ತಿತ್ತು. ಗ್ವಾವಾ 20ರಲ್ಲಿ ಒಂದೇ ಮೌಲ್ಯಕ್ಕೆಂದು ಬೇರೆ ಮೆಥಡ್ ಸೇರಿಸಿದರು. ಕೋಡ್ ಬರೆಯುವವರಿಗೆ ಎರಡೂ ಒಂದೇ ಸಾಲು. ಆದರೆ ಹೊಸದರ ಜೊತೆ ಕಂಪೈಲ್ ಮಾಡಿದರೆ ಕಂಪೈಲರ್ ಹೊಸ ಮೆಥಡನ್ನೇ ಗುರುತು ಹಾಕಿಡುತ್ತದೆ. ಓಡುವಾಗ ಹಳೇ ಜಾರ್ (ಲೈಬ್ರರಿಯ ಫೈಲ್) ಸಿಕ್ಕರೆ ಆ ಗುರುತಿನ ಮೆಥಡ್ ಅಲ್ಲಿ ಇರುವುದಿಲ್ಲ. ಹಾಗಾಗಿ ‘ಕಂಪೈಲ್ ಆಯ್ತಲ್ವಾ, ಇನ್ನೇನು’ ಎಂದು ಸುಮ್ಮನಾಗುವಂತಿಲ್ಲ.

ಮೊದಲು ಮರ ಓದಿ

ಯಾವ ಬದಲಾವಣೆಗೂ ಮೊದಲು ಮೇವನ್‌ನ ‘ಡಿಪೆಂಡೆನ್ಸಿ ಟ್ರೀ’ ಕಮಾಂಡ್ ಓಡಿಸಿ. ಯಾವ ಲೈಬ್ರರಿ ಯಾವುದನ್ನು ಕರೆತಂದಿದೆ ಎಂದು ಅದು ಮರದಂತೆ ತೋರಿಸುತ್ತದೆ. ‘ವರ್ಬೋಸ್’ ಆಯ್ಕೆ ಸೇರಿಸಿದರೆ ಸೋತ ವರ್ಷನ್‌ಗಳೂ ಕಾಣುತ್ತವೆ. ಅವುಗಳ ಪಕ್ಕದಲ್ಲಿ ‘ಒಮಿಟೆಡ್ ಫಾರ್ ಕಾನ್‌ಫ್ಲಿಕ್ಟ್’ ಎಂದು ಬರೆದು, ಯಾವುದರ ಮುಂದೆ ಸೋತಿತು ಎಂದೂ ಹೇಳಿರುತ್ತದೆ. ದೊಡ್ಡ ಪ್ರಾಜೆಕ್ಟಿನ ಮರ ಸಾವಿರಾರು ಸಾಲು ಇರಬಹುದು, ಹೆದರಬೇಡಿ. ‘ಇನ್‌ಕ್ಲೂಡ್ಸ್’ ಆಯ್ಕೆಯಲ್ಲಿ ಒಂದು ಲೈಬ್ರರಿಯ ಹೆಸರು ಕೊಟ್ಟರೆ ಅದಕ್ಕೆ ಹೋಗುವ ದಾರಿಗಳು ಮಾತ್ರ ಉಳಿಯುತ್ತವೆ. ಗ್ರೇಡಲ್‌ನಲ್ಲಿ ‘ಡಿಪೆಂಡೆನ್ಸಿ ಇನ್‌ಸೈಟ್’ ಇದೇ ಕೆಲಸ ಮಾಡುತ್ತದೆ.

ಇದನ್ನು ಪ್ರಾಜೆಕ್ಟಿನ ಒಂದು ಭಾಗಕ್ಕೆ, ಅಂದರೆ ಒಂದು ಮಾಡ್ಯೂಲಿಗೆ, ಮಾಡಿ ಬಿಡಬೇಡಿ. ಕೊನೆಯಲ್ಲಿ ಸರ್ವರಿಗೆ ಹೋಗುವ ಜಾರ್ ಯಾವ ಮಾಡ್ಯೂಲಿನಿಂದ ತಯಾರಾಗುತ್ತದೋ ಅದರ ಮರವೇ ಮುಖ್ಯ. ನಮ್ಮ ಟೆಸ್ಟ್‌ಗಳು ಪಾಸಾದದ್ದು ಇದೇ ಕಾರಣಕ್ಕೆ. ಟೆಸ್ಟ್ ಇದ್ದ ಮಾಡ್ಯೂಲಿಗೆ ಆ ಎಕ್ಸೆಲ್ ಲೈಬ್ರರಿಯೇ ಬರುತ್ತಿರಲಿಲ್ಲ.

ವರ್ಷನ್ ಒಂದೇ ಕಡೆ ಬರೆಯಿರಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಎಲ್ಲ ಮಾಡ್ಯೂಲ್‌ಗಳಿಗೂ ಸಾಮಾನ್ಯವಾದ ಪೇರೆಂಟ್ ಪೋಮ್‌ನಲ್ಲಿ ‘ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್’ ಎಂಬ ಭಾಗ ತೆರೆದು, ಲೈಬ್ರರಿಗಳ ವರ್ಷನ್‌ಗಳನ್ನೆಲ್ಲ ಅಲ್ಲಿ ಬರೆಯಿರಿ. ಮಾಡ್ಯೂಲ್‌ಗಳಲ್ಲಿ ಲೈಬ್ರರಿಯ ಹೆಸರು ಮಾತ್ರ ಇರಲಿ, ವರ್ಷನ್ ಬೇಡ.

ಈ ಭಾಗದ ಬಗ್ಗೆ ಹಲವರಿಗೆ ಎರಡು ಗೊಂದಲ ಇರುತ್ತದೆ. ಇಲ್ಲಿ ಬರೆದ ಮಾತ್ರಕ್ಕೆ ಲೈಬ್ರರಿ ಪ್ರಾಜೆಕ್ಟಿಗೆ ಸೇರುವುದಿಲ್ಲ. ಯಾರಾದರೂ ಅದನ್ನು ಕರೆದಾಗ ಯಾವ ವರ್ಷನ್ ಕೊಡಬೇಕು ಎಂದು ಹೇಳುವುದಷ್ಟೇ ಇದರ ಕೆಲಸ. ಇನ್ನೊಂದು, ನೀವು ನೇರವಾಗಿ ಕರೆದವಕ್ಕೆ ಮಾತ್ರ ಇದು ಅನ್ವಯಿಸುತ್ತದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಬೇರೆಯವರ ಬೆನ್ನ ಹಿಂದೆ ಬರುವ ಲೈಬ್ರರಿಗಳಿಗೂ ಇಲ್ಲಿ ಬರೆದ ವರ್ಷನ್ನೇ ಕೊನೆ ಮಾತು. ಇಲ್ಲಿ ಗ್ವಾವಾ 31.1 ಎಂದು ಬರೆದರೆ ಮುಗಿಯಿತು. ಹತ್ತಿರ, ದೂರ, ಸಾಲಿನ ಕ್ರಮ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಹಳೇ ಪ್ರಾಜೆಕ್ಟಿನಲ್ಲಿ ಇದನ್ನು ಒಂದೇ ದಿನ ಮಾಡಲು ಹೋಗಬೇಡಿ. ಒಂದು ಲೈಬ್ರರಿ ಮೇಲಕ್ಕೆ ತನ್ನಿ, ಬಿಲ್ಡ್ ಮಾಡಿ, ಕಮಿಟ್ ಮಾಡಿ. ಆಮೇಲೆ ಇನ್ನೊಂದು. ಕಮಿಟ್ ಸಣ್ಣದಿದ್ದಷ್ಟೂ ಎಲ್ಲಿ ಕೆಟ್ಟಿತು ಎಂದು ಹುಡುಕುವುದು ಸುಲಭ.

ಬಾಮ್ ಬಳಸುವಾಗ ಎಚ್ಚರ

ಕೆಲವು ಲೈಬ್ರರಿಗಳು ಕುಟುಂಬ ಸಮೇತ ಇರುತ್ತವೆ. ಜಾಕ್ಸನ್‌ನಲ್ಲಿ ಕೋರ್, ಡೇಟಾಬೈಂಡ್, ಆ್ಯನೊಟೇಷನ್ಸ್ ಎಂದು ಬೇರೆ ಬೇರೆ ಜಾರ್‌ಗಳಿವೆ. ಡೇಟಾಬೈಂಡ್ ಹೊಸದು, ಕೋರ್ ಹಳೆಯದು ಎಂದಾದರೆ ತೊಂದರೆ ತಪ್ಪಿದ್ದಲ್ಲ. ಇಂಥ ಕುಟುಂಬಗಳಿಗೆ ಅವರೇ ಒಂದು ವರ್ಷನ್ ಪಟ್ಟಿ ಕೊಡುತ್ತಾರೆ, ಅದಕ್ಕೆ ಬಾಮ್ (ಬಿಲ್ ಆಫ್ ಮೆಟೀರಿಯಲ್ಸ್) ಎನ್ನುತ್ತೇವೆ. ಅದನ್ನು ‘ಇಂಪೋರ್ಟ್’ ಸ್ಕೋಪ್ ಕೊಟ್ಟು ನಿಮ್ಮ ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್‌ನಲ್ಲಿ ಸೇರಿಸಿದರೆ ಕುಟುಂಬದ ಎಲ್ಲರಿಗೂ ಹೊಂದುವ ವರ್ಷನ್ ಸಿಗುತ್ತದೆ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಫ್ರೇಮ್‌ವರ್ಕಿನ ಬಾಮ್ ಅಂತೂ ನೂರಾರು ಲೈಬ್ರರಿಗಳಿಗೆ ವರ್ಷನ್ ಕೊಡುತ್ತದೆ.

ಎಚ್ಚರ ಬೇಕಾದ ಜಾಗ ಇಲ್ಲಿದೆ. ಎರಡು ಬಾಮ್‌ಗಳು ಒಂದೇ ಲೈಬ್ರರಿಗೆ ಬೇರೆ ಬೇರೆ ವರ್ಷನ್ ಹೇಳಿದರೆ ಮೊದಲು ಬರೆದದ್ದು ಗೆಲ್ಲುತ್ತದೆ. ನೀವೇ ನೇರವಾಗಿ ಬರೆದ ವರ್ಷನ್ ಇದ್ದರೆ ಅದು ಎರಡನ್ನೂ ಮೀರುತ್ತದೆ. ಸ್ಪ್ರಿಂಗ್ ಬೂಟನ್ನು ಪೇರೆಂಟ್ ಆಗಿ ಇಟ್ಟುಕೊಂಡವರು ಒಂದು ಪ್ರಾಪರ್ಟಿ (ಪೋಮ್‌ನಲ್ಲಿ ಹೆಸರಿಟ್ಟು ಬರೆದ ಮೌಲ್ಯ) ಬದಲಿಸಿದರೆ ಸಾಕು, ಲೈಬ್ರರಿಯ ವರ್ಷನ್ ಬದಲಾಗುತ್ತದೆ. ಬಾಮ್ ಇಂಪೋರ್ಟ್ ಮಾಡಿಕೊಂಡವರಿಗೆ ಆ ಪ್ರಾಪರ್ಟಿ ಕೆಲಸ ಮಾಡುವುದಿಲ್ಲ. ಎರರ್ ಕೂಡ ಬರುವುದಿಲ್ಲ. ಬದಲಾಯಿತು ಎಂದು ನೀವು ನಂಬಿಕೊಂಡಿರುತ್ತೀರಿ, ಒಳಗೆ ಹಳೆಯದೇ ಇರುತ್ತದೆ. 2021ರ ಡಿಸೆಂಬರಿನಲ್ಲಿ ಇದು ಎಷ್ಟು ಅಪಾಯದ್ದು ಎಂದು ಯೋಚಿಸಿ. ಲಾಗ್ ಬರೆಯುವ ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ಹತ್ತಕ್ಕೆ ಹತ್ತು ತೀವ್ರತೆಯ ಭದ್ರತಾ ದೋಷ ಹೊರಬಿತ್ತು. ಸರಿಪಡಿಸಿದ 2.15.0 ಬಂತು. ಅದು ಸಾಲದೆ 2.16.0, ಆಮೇಲೆ 2.17.0, ಆಮೇಲೆ 2.17.1, ಎಲ್ಲವೂ ಅದೇ ತಿಂಗಳಲ್ಲಿ. ವರ್ಷನ್ ಒಂದೇ ಕಡೆ ಬರೆದಿಟ್ಟುಕೊಂಡವರು ಪ್ರತಿ ಸಲ ಒಂದು ಸಾಲು ಬದಲಿಸಿ ಬಿಲ್ಡ್ ಮಾಡಿದರು. ಹತ್ತಾರು ಮಾಡ್ಯೂಲ್‌ಗಳಲ್ಲಿ ಚದುರಿಸಿಟ್ಟವರು ಪ್ರತಿ ಸಲವೂ ಮೊದಲಿಂದ ಹುಡುಕಬೇಕಾಯಿತು.

ಕಾವಲಿಗೆ ಎನ್‌ಫೋರ್ಸರ್

ಇಷ್ಟು ಅಚ್ಚುಕಟ್ಟು ಮಾಡಿದ್ದು ಆರು ತಿಂಗಳಲ್ಲಿ ಮತ್ತೆ ಕೆಡುತ್ತದೆ, ಯಾರಾದರೂ ಕಾಯದಿದ್ದರೆ. ಮೇವನ್‌ನ ಎನ್‌ಫೋರ್ಸರ್ ಪ್ಲಗಿನ್ ಆ ಕೆಲಸ ಮಾಡುತ್ತದೆ. ಅದರಲ್ಲಿ ಎರಡು ನಿಯಮ ನಮಗೆ ಬೇಕಾದವು. ‘ಡಿಪೆಂಡೆನ್ಸಿ ಕನ್ವರ್ಜೆನ್ಸ್’ ತುಂಬಾ ಕಟ್ಟುನಿಟ್ಟು. ಮರದಲ್ಲಿ ಒಂದೇ ಲೈಬ್ರರಿಗೆ ಎರಡು ವರ್ಷನ್ ಕಂಡರೆ ಸಾಕು, ಬಿಲ್ಡ್ ನಿಲ್ಲಿಸುತ್ತದೆ. ‘ರಿಕ್ವೈರ್ ಅಪ್ಪರ್ ಬೌಂಡ್ ಡೆಪ್ಸ್’ ಸ್ವಲ್ಪ ಸಮಾಧಾನಿ. ಯಾರೋ ಕೇಳಿದ್ದಕ್ಕಿಂತ ಹಳೇ ವರ್ಷನ್ ಗೆದ್ದಾಗ ಮಾತ್ರ ನಿಲ್ಲಿಸುತ್ತದೆ. ನಮ್ಮ ಬಿಲ್ಲಿಂಗ್ ಬ್ಯಾಚಿನ ರೋಗ ಇದೇ ಅಲ್ವಾ? ಹಳೇ ಪ್ರಾಜೆಕ್ಟುಗಳಲ್ಲಿ ಎರಡನೆಯದರಿಂದ ಶುರು ಮಾಡಿ ಎನ್ನುವುದು ನನ್ನ ಸಲಹೆ. ಮೊದಲನೆಯದನ್ನು ಹಾಕಿದರೆ ಮೊದಲ ದಿನವೇ ಎರರ್‌ಗಳ ರಾಶಿ ಬೀಳುತ್ತದೆ, ಟೀಮ್ ಬೇಸತ್ತು ಪ್ಲಗಿನ್ನನ್ನೇ ತೆಗೆದುಹಾಕುತ್ತದೆ.

ವರ್ಷನ್ ಜಾಗದಲ್ಲಿ ‘ಲೇಟೆಸ್ಟ್’ ಎಂದಾಗಲಿ, ‘ಇದರಿಂದ ಇದರವರೆಗೆ’ ಎಂಬ ರೇಂಜ್ ಆಗಲಿ ಬರೆಯಬೇಡಿ. ಇವತ್ತಿನ ಬಿಲ್ಡ್ ನಾಳೆ ಬೇರೆಯಾಗುತ್ತದೆ. ರಿಲೀಸ್ ಬಿಲ್ಡ್‌ನಲ್ಲಿ ಸ್ನ್ಯಾಪ್‌ಶಾಟ್ (ಇನ್ನೂ ಬದಲಾಗುತ್ತಿರುವ ವರ್ಷನ್) ಕೂಡ ಬೇಡ.

ಅಪ್‌ಡೇಟ್ ಮಾಡುವುದು ಯಾವಾಗ?

ಸ್ವಲ್ಪ ಸ್ವಲ್ಪ, ಆದರೆ ಬಿಡದೆ. ‘ಓಡ್ತಾ ಇದೆ, ಮುಟ್ಟಬೇಡಿ’ ಎನ್ನುವ ಮಾತು ನಮ್ಮ ಆಫೀಸುಗಳಲ್ಲಿ ಬಹಳ ಕೇಳುತ್ತದೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಮುಟ್ಟದೆ ಬಿಟ್ಟದ್ದರ ಬೆಲೆಯೂ ದೊಡ್ಡದು. 2017ರ ಮಾರ್ಚ್‌ನಲ್ಲಿ ಅಪಾಚೆ ಸ್ಟ್ರಟ್ಸ್ ಎಂಬ ಜಾವಾ ವೆಬ್ ಫ್ರೇಮ್‌ವರ್ಕಿನ ಭದ್ರತಾ ದೋಷವೊಂದಕ್ಕೆ ಪ್ಯಾಚ್ ಬಂದಿತ್ತು. ಅಮೆರಿಕದ ಎಕ್ವಿಫ್ಯಾಕ್ಸ್ ಎಂಬ ಕ್ರೆಡಿಟ್ ಮಾಹಿತಿ ಕಂಪನಿಯ ಒಂದು ಸಿಸ್ಟಮ್ ಮೇ ತಿಂಗಳಾದರೂ ಪ್ಯಾಚ್ ಆಗಿರಲಿಲ್ಲ. ಕಳ್ಳರು ಅದೇ ಬಾಗಿಲಿಂದ ಒಳಗೆ ಬಂದರು. ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಹೋಯಿತು.

‘ವರ್ಷನ್ಸ್’ ಎಂಬ ಮೇವನ್ ಪ್ಲಗಿನ್ ಯಾವುದಕ್ಕೆ ಹೊಸತು ಬಂದಿದೆ ಎಂದು ಪಟ್ಟಿ ಕೊಡುತ್ತದೆ. ಡಿಪೆಂಡಾಬಾಟ್, ರೆನೊವೇಟ್ ಥರದ ಬಾಟ್‌ಗಳು ತಾವೇ ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯ ಕೋರಿಕೆ) ಕಳಿಸುತ್ತವೆ. ನಂಬರಿನ ಕೊನೆಯ ಭಾಗ ಮಾತ್ರ ಬದಲಾಗಿದ್ದರೆ ಟೆಸ್ಟ್ ಓಡಿಸಿ ಬೇಗ ತೆಗೆದುಕೊಳ್ಳಿ. ಮೊದಲ ನಂಬರೇ ಬದಲಾಗಿದ್ದರೆ ಅದಕ್ಕೆ ಬೇರೆ ಸಮಯ ಇಟ್ಟುಕೊಳ್ಳಿ. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ 3ಕ್ಕೆ ಜಾವಾ 17 ಬೇಕಿತ್ತು. ‘ಜಾವಾಎಕ್ಸ್’ ಎಂದು ಶುರುವಾಗುತ್ತಿದ್ದ ಎಷ್ಟೋ ಪ್ಯಾಕೇಜುಗಳ ಹೆಸರು ‘ಜಕಾರ್ತಾ’ ಆಯಿತು. ಇದು ಶುಕ್ರವಾರ ಸಂಜೆ ಮಾಡಿ ಮುಗಿಸುವ ಕೆಲಸವಲ್ಲ.

ಬೇಡದ ಲೈಬ್ರರಿಯನ್ನು ‘ಎಕ್ಸ್‌ಕ್ಲೂಷನ್’ ಹಾಕಿ ತೆಗೆಯಬಹುದು. ಹಾಕುವಾಗ ಯಾಕೆ ಎಂದು ಅಲ್ಲೇ ಒಂದು ಸಾಲು ಕಾಮೆಂಟ್ ಬರೆಯಿರಿ. ಕಾರಣ ಇಲ್ಲದ ಎಕ್ಸ್‌ಕ್ಲೂಷನ್ ಕಂಡರೆ ತೆಗೆಯಲು ಯಾರಿಗೂ ಧೈರ್ಯ ಬರುವುದಿಲ್ಲ, ಅದು ಹತ್ತು ವರ್ಷ ಅಲ್ಲೇ ಉಳಿಯುತ್ತದೆ.

ಕೊನೆಗೆ ಜಾರ್ ಬಿಚ್ಚಿ ನೋಡಿ

ಪೋಮ್ ಎಷ್ಟೇ ಚೆನ್ನಾಗಿರಲಿ, ಸರ್ವರಿನಲ್ಲಿ ಓಡುವುದು ಜಾರ್ ಅಥವಾ ವಾರ್ ಫೈಲ್. ಅದು ಒಂದು ಜಿಪ್ ಫೈಲ್ ಅಷ್ಟೇ, ಬಿಚ್ಚಿದರೆ ಸಾಮಾನ್ಯವಾಗಿ ಒಳಗೆ ‘ಲಿಬ್’ ಫೋಲ್ಡರಿನಲ್ಲಿ ಎಲ್ಲ ಲೈಬ್ರರಿಗಳೂ ವರ್ಷನ್ ಸಮೇತ ಕಾಣುತ್ತವೆ. ಟಾಮ್‌ಕ್ಯಾಟ್ ಸರ್ವರ್ ಬಳಸುವವರು ಟಾಮ್‌ಕ್ಯಾಟ್‌ನ ಸ್ವಂತ ಲಿಬ್ ಫೋಲ್ಡರನ್ನೂ ನೋಡಬೇಕು. ಯಾರೋ ಯಾವತ್ತೋ ಅಲ್ಲಿ ಇಟ್ಟುಹೋದ ಜಾರ್ ಇರುವುದುಂಟು.

ಈ ಪಟ್ಟಿಯನ್ನು ಪ್ರತಿ ರಿಲೀಸಿಗೂ ಒಂದು ಟೆಕ್ಸ್ಟ್ ಫೈಲಿಗೆ ಬರೆದಿಡಿ. ಹಿಂದಿನ ರಿಲೀಸಿನ ಪಟ್ಟಿಯ ಜೊತೆ ಡಿಫ್ ಮಾಡಿ, ಅಂದರೆ ಹೋಲಿಸಿ ವ್ಯತ್ಯಾಸ ನೋಡಿ. ಬಿಲ್ಡ್ ಸರ್ವರಿಗೆ ಇದೊಂದು ನಿಮಿಷದ ಕೆಲಸ. ಆ ತಿಂಗಳ ಕೊನೆಯ ರಿಲೀಸಿಗೆ ನಾವು ಇದನ್ನು ಮಾಡಿದ್ದರೆ ಡಿಫ್‌ನಲ್ಲಿ ಒಂದೇ ಒಂದು ವ್ಯತ್ಯಾಸ ಕಾಣುತ್ತಿತ್ತು. ಗ್ವಾವಾ 31.1 ಹೋಗಿದೆ, 19.0 ಬಂದಿದೆ.